ಲೈನ್ ಬಂತೇನ?

ಚಿಕ್ಕೋಡಿ, ರಾಯಬಾಗದ ಕಡೆ ಬದುಕಲು ಇಡೀ ಇಂಗ್ಲಿಷ್ ಬೇಕಿಲ್ಲ; ‘ಲೈನ್’ ಒಂದೇ ಸಾಕು.

ರಾತ್ರಿ ಎರಡಕ್ಕೆ ಕಾಕಾನ ಫೋನು: “ತಮ್ಮಾ, ಲೈನ್ ಬಂತೇನ?” ಇದು ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟು. ಕಣ್ಣುಜ್ಜಿಕೊಂಡು ಹೋಗಿ ಸ್ಟಾರ್ಟರ್ ಒತ್ತುವಷ್ಟರಲ್ಲಿ ಲೈನ್ ಹೋಗಿರುತ್ತದೆ. ಕರೆಂಟಿದ್ದೂ ಕಬ್ಬಿಗೆ ನೀರಿಲ್ಲವೇ? ಹಾಗಾದರೆ ಒಡೆದದ್ದು ಹೊಳೆಯಿಂದ ಎಳೆದ ಲೈನ್, ಅಂದರೆ ಪೈಪು. ಸಕ್ಕರೆ ಕಾರ್ಖಾನೆ ಗೇಟಿನ ಮುಂದೆ ಟ್ರ್ಯಾಕ್ಟರುಗಳು ನಿಂತದ್ದೂ ಲೈನ್. ರಾಯಬಾಗ, ಕುಡಚಿ, ಉಗಾರ ದಾಟಿ ರೈಲು ಓಡುವುದು ಮೀರಜ್ ಲೈನ್. ನಿಪ್ಪಾಣಿ ಬಸ್‌ಸ್ಟ್ಯಾಂಡಿನಲ್ಲಿ ಹುಡುಗನೊಬ್ಬ ಐದನೇ ಸಲ ತಲೆ ಬಾಚಿಕೊಂಡರೆ, “ಲೈನ್ ಹೊಡ್ಯಾಕತ್ತಾನ” ಎನ್ನುತ್ತಾರೆ.

ಮೈಸೂರಿನ ಗೆಳೆಯನೊಬ್ಬ ಊರಿಗೆ ಬಂದಿದ್ದ. ನಡುರಾತ್ರಿ ಕಾಕಾ ಅಂಗಳದಲ್ಲಿ ಕೂತದ್ದು ಕಂಡು ಕಾರಣ ಕೇಳಿದ. “ಲೈನ್ ಬರ್ತೈತಂತ ಕಾಯಾಕತ್ತಾನ” ಎಂದೆ. ಅವನು ಪಿಸುಗುಟ್ಟಿದ: “ಈ ವಯಸ್ಸಿನಲ್ಲೂ? ಕಾಕೂಗೆ ಗೊತ್ತಾ?”

ಕಾಕೂಗೆ ಗೊತ್ತಿತ್ತು. ಟಾರ್ಚು ಕೊಟ್ಟು ಕಳಿಸುವವಳೇ ಅವಳು.

ಈ ಪದದ ಬೇರು ಲ್ಯಾಟಿನ್ನಿನ ‘ಲಿನುಮ್’, ಅಂದರೆ ಅಗಸೆ. ಅದರ ನಾರಿನ ದಾರವೇ ಮುಂದೆ ಗೆರೆಯಾಗಿ ‘ಲೈನ್’ ಆಯಿತು. ಇದನ್ನು ಕಾಕಾನಿಗೆ ಹೇಳಿದೆ. ರೊಟ್ಟಿಗೆ ಅಗಸಿ ಹಿಂಡಿ ಹಚ್ಚಿಕೊಳ್ಳುತ್ತ ಅವನೆಂದ: “ಹಂಗಾದ್ರ ದಿನಾ ಲೈನ್ ತಿಂತೇನಲ್ಲೋ! ಮತ್ತ ಮೋಟಾರ್ ಯಾಕ ಚಾಲೂ ಆಗವಲ್ದು?”