ಸೋತೆ ಅನ್ನು!

ಒಗಟು ಬುದ್ಧಿವಂತಿಕೆಯ ಪರೀಕ್ಷೆ ಎಂಬುದು ಬುದ್ಧಿವಂತರೇ ಹಬ್ಬಿಸಿದ ಸುದ್ದಿಯಿರಬೇಕು. ಚಿಂಚೋಳಿ ಸೀಮೆಯ ಕಟ್ಟೆಗೆ ಬನ್ನಿ. ಕೊಯ್ದವರನ್ನೇ ಅಳಿಸುವ ಉಳ್ಳಾಗಡ್ಡಿ, ಎಷ್ಟು ತಿಂದರೂ ಹೊಟ್ಟೆ ತುಂಬದ ಬೀಸುಕಲ್ಲು: ಉತ್ತರಗಳೆಲ್ಲ ಅಡುಗೆಮನೆಯವೇ. ಬೀಸುಕಲ್ಲು ಕಾಣದ ಇಂಜಿನಿಯರ್ ತಲೆ ಕೆರೆದುಕೊಂಡರೆ, ಶಾಲೆ ಕಾಣದ ಅಜ್ಜಿ ತೊಗರಿ ಹಸನು ಮಾಡುತ್ತಲೇ ಬಿಡಿಸುತ್ತಾಳೆ. ಅಂದಮೇಲೆ ಇಲ್ಲಿ ಅಂಕ ಸಿಗುವುದು ಬದುಕಿನ ಬಳಕೆಗೆ.

ಹಳೆಯ ಒಗಟುಗಳ ಉತ್ತರ ಎಲ್ಲರಿಗೂ ಬಾಯಿಪಾಠ, ಮೊಬೈಲಿನಲ್ಲೂ ಸಿಗುತ್ತದೆ, ಮತ್ತೇಕೆ ಆಟ ಎನ್ನುವವರಿದ್ದಾರೆ. ನಿಜವೇ. ಆದರೆ ಪಕ್ಕದ ತೆಲಂಗಾಣದಿಂದ ಗಡಿ ದಾಟಿ ಬಂದ ತೆಲುಗು ಒಗಟನ್ನು, ಅಂದರೆ ಪೊಡುಪುಕಥೆಯನ್ನು, ಕನ್ನಡದಲ್ಲಿ ಬಿಡಿಸಹೊರಟಾಗ ಬಾಯಿಪಾಠ ಕೈಕೊಡುತ್ತದೆ. ಇನ್ನು ಮೊಬೈಲು ಉತ್ತರವನ್ನೇನೋ ಕೊಟ್ಟೀತು. ‘ಮೊದಲು ಸೋತೆ ಅನ್ನು’ ಎಂದು ಗೆಳೆಯರೆದುರು ಅರ್ಧ ತಾಸು ಕಾಡಿಸುವ ಪುಣ್ಯ ಅದಕ್ಕೆಲ್ಲಿಯದು?