ದ್ರವಪ್ರಮಾಣ ಮೀಮಾಂಸೆ: ಲಾರಿ ಮಾಲೀಕರ ಹಿತಕ್ಕಾಗಿ ರಚಿಸಿದ್ದು

ಯಾವ ಶಾಸ್ತ್ರಗ್ರಂಥವೇ ಆಗಲಿ ಅನುಬಂಧ ಚತುಷ್ಟಯದಿಂದ ಶುರುವಾಗಬೇಕು ಎನ್ನುವುದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ, ಡೀಸೆಲ್ ಲಾರಿಯ ಹೊಟ್ಟೆಗೆ ಹೋಗುವ ದ್ರವಗಳು ಮತ್ತು ಅವನ್ನು ಸೋಸುವ ಫಿಲ್ಟರುಗಳು. ಪ್ರಯೋಜನ, ಎಂಜಿನ್ ಇಳಿಸುವ ದುಃಖದಿಂದ ಆತ್ಯಂತಿಕ ಬಿಡುಗಡೆ. ಸಂಬಂಧ, ತಿಂಗಳು ತಿಂಗಳು ತಪ್ಪದ ಫೈನಾನ್ಸ್ ಕಂತು. ಅಧಿಕಾರಿ ಯಾರೆಂದರೆ, ಬಿಎಸ್-6 ಲಾರಿ ಕೊಂಡು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದ್ದನ್ನು ಕಂಡು, ನಿತ್ಯಾನಿತ್ಯ ವಿವೇಕ ಹುಟ್ಟಿದವನು. ಸ್ಕೂಟರಿನವರಿಗೆ ಇಲ್ಲಿ ಪ್ರವೇಶವಿಲ್ಲ. ಅವರು ಬೇರೆ ಗ್ರಂಥ ನೋಡಿಕೊಳ್ಳಲಿ.

ಮಂಗಳಾಚರಣೆಯಾಗಿ ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆವೆಂದು ಭಾವಿಸುವುದು. ಈ ದರ್ಶನದ ಮೂಲ ಋಷಿ ರುಡಾಲ್ಫ್ ಡೀಸೆಲ್. 1892ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1897ರಲ್ಲಿ ಓಡುವ ಎಂಜಿನ್ ತೋರಿಸಿ, 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲಿಷ್ ಕಡಲ್ಗಾಲುವೆ ದಾಟುತ್ತಿದ್ದ ಹಡಗಿನಿಂದ ಕಾಣೆಯಾದ. ಆಯಿಲ್ ಡಬ್ಬಿಯ ಮೇಲೆ ಗುಣಮಟ್ಟ ಸೂಚಿಸುವ ಸಿಐ-4, ಸಿಕೆ-4 ಎಂಬ ಬೀಜಾಕ್ಷರಗಳು ಹುಟ್ಟುವ ಬಹಳ ಮುಂಚೆಯೇ ಹೋಗಿಬಿಟ್ಟದ್ದರಿಂದ ಆ ಬಗ್ಗೆ ಋಷಿಯ ಅಭಿಪ್ರಾಯ ದೊರಕದು. ತೆರವಾದ ಆ ಪೀಠವನ್ನು ಮೇಸ್ತ್ರಿಗಳು ತುಂಬಿದರು. ಅಲ್ಲಿಂದ ಮತಭೇದ.

ಇನ್ನು ಪ್ರಮಾಣಗಳ ವಿಚಾರ. ಆಯಿಲ್ ಅಸಲಿಯೋ ನಕಲಿಯೋ ಎಂಬ ಜ್ಞಾನ ಹುಟ್ಟುವುದು ಹೇಗೆ? ಪ್ರತ್ಯಕ್ಷವೊಂದೇ ಸಾಕು ಎನ್ನುವವರು ಚಾರ್ವಾಕರು. ಲಾರಿ ಸ್ಟ್ಯಾಂಡಿನಲ್ಲಿ ಇವರ ಸಂಖ್ಯೆ ದೊಡ್ಡದು. ಇವರು ಡಿಪ್‌ಸ್ಟಿಕ್ ಎಳೆದು, ತುದಿಯ ಹನಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ, ಕಣ್ಣು ಮುಚ್ಚಿ, ‘ಆಯಿಲ್ ಸತ್ತೋಗಿದೆ’ ಎಂದು ಘೋಷಿಸುತ್ತಾರೆ. ಕಪ್ಪಾಗಿರುವುದೇ ಮರಣದ ಲಕ್ಷಣವೆಂದು ಇವರ ವಾದ. ಇದು ನಿಲ್ಲುವುದಿಲ್ಲ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಗಂಟು ಕಟ್ಟಲು ಬಿಡದೆ ತನ್ನೊಳಗೇ ತೇಲಿಸಿಟ್ಟುಕೊಳ್ಳುವುದು ಆಯಿಲ್‌ನ ಧರ್ಮ. ಅದಕ್ಕೆಂದೇ ಕಂಪನಿಯವರು ಅದರಲ್ಲಿ ರಾಸಾಯನಿಕ ಬೆರೆಸಿರುತ್ತಾರೆ. ಹಾಕಿ ಎರಡು ದಿನಕ್ಕೇ ಕಪ್ಪಾದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಬೆರಳಿಗೆ ಮತ್ತೊಂದು ದೋಷವಿದೆ. ಶಿರಾಡಿ ಘಾಟಿ ಹತ್ತುವಾಗ ಎಂಜಿನ್ನಿನೊಳಗಿನ ಆಯಿಲ್ 100 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ಬಿಸಿಯಲ್ಲಿ ಅದು ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನೇ 15ಡಬ್ಲ್ಯೂ-40ರ ‘40’ ಹೇಳುವುದು. ಆ ಶಾಖದಲ್ಲಿ ಬೆರಳಿಟ್ಟು ಪರೀಕ್ಷಿಸುವ ಚಾರ್ವಾಕ ಇನ್ನೂ ಹುಟ್ಟಿಲ್ಲ.

ಹಾಗೆಂದು ಪ್ರತ್ಯಕ್ಷವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಹಾಲು ಹಾಕಿದ ಕಾಫಿಯ ಬಣ್ಣ ಕಂಡರೆ ಆಯಿಲಿಗೆ ನೀರು ಸೇರಿದೆ. ಅಲ್ಲಿ ವಾದ ನಿಲ್ಲಿಸಿ ಎಂಜಿನ್ ನಿಲ್ಲಿಸುವುದು. ಸೋಸುಕಾಗದದ ಮೇಲೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಹರಡಲು ಬಿಡುವ ಪರೀಕ್ಷೆಯೂ ಗೌರವಾರ್ಹವಾದದ್ದೇ: ಮಸಿ ಹೊರಗಿನ ತನಕ ಸಮನಾಗಿ ಹಬ್ಬಿದರೆ ಆಯಿಲ್‌ಗೆ ಇನ್ನೂ ಹೊರುವ ಶಕ್ತಿಯಿದೆ, ನಡುವೆಯೇ ದಟ್ಟ ಕರಿಬೊಟ್ಟಾಗಿ ಕೂತರೆ ಇಲ್ಲ. ಆದರೆ ರಾತ್ರಿಯಿಡೀ ಕಾಯುವ ತಾಳ್ಮೆ ಲೋಡ್ ಹೊತ್ತ ಲಾರಿಗೆ ಎಲ್ಲಿಂದ ಬರಬೇಕು?

ಅನುಮಾನ ಪ್ರಮಾಣದಲ್ಲಿ ನಮ್ಮ ತಾರ್ಕಿಕರು ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯಿದೆ ಎಂದು ಹೇಳಿ ಕೈತೊಳೆದುಕೊಂಡರು. ಹೊಗೆಯ ಬಣ್ಣ ಯಾವುದು ಎಂದು ಮೊದಲು ಕೇಳಿದವನು ಮೇಸ್ತ್ರಿ. ಈ ವಿಷಯದಲ್ಲಿ ಅವನ ಋಣ ದೊಡ್ಡದು. ಕಪ್ಪು ಹೊಗೆಯಿಂದ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು ಎಂದೂ, ನೀಲಿಯಿಂದ ಆಯಿಲ್ ಉರಿಯುತ್ತಿದೆ ಎಂದೂ, ಬಿಟ್ಟೂಬಿಡದ ಬಿಳಿಯಿಂದ ಡೀಸೆಲ್ ಉರಿಯದೆ ಹೊರಬರುತ್ತಿದೆ ಅಥವಾ ಕೂಲಂಟ್ ಒಳಸೇರಿದೆ ಎಂದೂ ಊಹಿಸಬಹುದು. ಆದರೆ ಇದೇ ಮೇಸ್ತ್ರಿ ಕೂಲಂಟಿನ ಬಣ್ಣಕ್ಕೆ ಬಂದಾಗ ಹೇತ್ವಾಭಾಸದಲ್ಲಿ ಬೀಳುತ್ತಾನೆ. ಹಸಿರಾದರೆ ಹಸಿರು, ಕೆಂಪಾದರೆ ಕೆಂಪು ಸುರಿದರಾಯಿತು ಎನ್ನುವ ಈ ವರ್ಣವಾದಕ್ಕೆ ಆಧಾರವಿಲ್ಲ. ಬಣ್ಣ ಬರಿಯ ಬಣ್ಣ. ಅದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವೇ ಇಲ್ಲ. ಭಾರದ ಎಂಜಿನ್ನುಗಳಲ್ಲಿ ನೀರಿಗೆ ತಗುಲಿಕೊಂಡೇ ಇರುವ ಸಿಲಿಂಡರ್ ಲೈನರ್ ನಡುಗಿದಾಗ ಅದರ ಹೊರಮೈಯಲ್ಲಿ ಪುಟ್ಟ ಗುಳ್ಳೆಗಳು ಹುಟ್ಟಿ ಒಡೆದು ಕಬ್ಬಿಣವನ್ನೇ ಕೊರೆಯುತ್ತವೆ. ಅದನ್ನು ತಡೆಯುವುದು ಕೂಲಂಟಿನೊಳಗಿನ ರಾಸಾಯನಿಕ. ಬೋರ್‌ವೆಲ್ ನೀರು ತುಂಬಿ ‘ನಮ್ಮೂರಲ್ಲಿ ಹಿಮ ಬೀಳಲ್ವಲ್ಲ’ ಎಂದು ಸಮರ್ಥಿಸಿಕೊಳ್ಳುವವನ ರೇಡಿಯೇಟರಿನಲ್ಲಿ ಸುಣ್ಣ ಕಟ್ಟಿಕೊಳ್ಳುತ್ತದೆ, ಹಿಮ ಬಿದ್ದರೂ ಬೀಳದಿದ್ದರೂ.

ಉಪಮಾನ ಪ್ರಮಾಣವು ಫಿಲ್ಟರಿನ ಅಂಗಡಿಯಲ್ಲಿ ‘ಸೇಮ್ ಟು ಸೇಮ್’ ಎಂಬ ಮಹಾವಾಕ್ಯವಾಗಿ ಅವತರಿಸುತ್ತದೆ. ಅದೇ ಎತ್ತರ, ಅದೇ ಥ್ರೆಡ್ಡು, ಅದೇ ಬಣ್ಣ, ಬೆಲೆ ಅರ್ಧ. ಒಳಗೇನಿದೆ ಎಂಬುದು ಪರೋಕ್ಷ. ಕೊಯ್ದು ನೋಡಿದರೆ ಕಾಗದದ ಮಡಿಕೆ ಕಡಿಮೆ, ಅಂಟು ಬಿಟ್ಟ ಅಂಚು. ಎಂಜಿನ್ ನಿಂತಾಗ ಆಯಿಲ್ ಕೆಳಗಿಳಿಯದಂತೆ ತಡೆಯುವ ರಬ್ಬರ್ ಕವಾಟ ಇರಬೇಕಾದಲ್ಲಿ ಶೂನ್ಯ. ಕಾಗದ ಕಟ್ಟಿಕೊಂಡಾಗ ಬೈಪಾಸ್ ಕವಾಟ ತೆರೆದು, ಸೋಸದ ಆಯಿಲ್ ಬೇರಿಂಗಿಗೆ ನೇರ ಹೋಗುತ್ತದೆ. ಮಾಲೀಕನಿಗೆ ಏನೂ ಗೊತ್ತಾಗುವುದಿಲ್ಲ. ಮಾಯೆ ಎಂದರೆ ಇದೇ. ಡೀಸೆಲ್ ಫಿಲ್ಟರಿನಲ್ಲಿ ಅಪಚಾರ ಇನ್ನೂ ಘೋರ. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್; ಕಾಮನ್ ರೇಲ್ ಇಂಜೆಕ್ಟರಿನ ಒಳಗಿನ ಸಂದು ಕೆಲವೇ ಮೈಕ್ರಾನ್, ಒತ್ತಡವೋ 1,600 ಬಾರ್‌ಗೂ ಮೇಲೆ. ಇಂಥಲ್ಲಿಗೆ ಹೋಗುವ ಹೊಸ ಫಿಲ್ಟರಿಗೆ ಕ್ಲೀನರ್ ಹುಡುಗ ಹಳೇ ಬಕೆಟ್ಟಿನ ಡೀಸೆಲ್ ತುಂಬಿಸಿ ಕೂರಿಸುತ್ತಾನೆ, ಏರ್ ಹಿಡಿಯದಿರಲಿ ಎಂಬ ಸದುದ್ದೇಶದಿಂದ. ಆ ಡೀಸೆಲ್ ಸೋಸಿದ ಬದಿಗೇ ಬಿದ್ದು ಸೀದಾ ಇಂಜೆಕ್ಟರ್ ಸೇರುತ್ತದೆ. ಹ್ಯಾಂಡ್ ಪಂಪ್ ಇರುವುದು ಇದಕ್ಕೇ ಕಣಪ್ಪ, ಎಂದು ಭಾಷ್ಯಕಾರರು ಎಷ್ಟು ಸಲ ಹೇಳಿದರೂ ಕೇಳುವವರಿಲ್ಲ.

ಏರ್ ಫಿಲ್ಟರಿನ ಅಧಿಕರಣ ಚಿಕ್ಕದು. ಸಂಡೂರಿನ ಅದಿರು ಧೂಳಿನಲ್ಲಿ ಓಡಿದ ಲಾರಿಯ ಫಿಲ್ಟರನ್ನು ಟೈರಿಗೆ ಬಡಿದು, ಪಂಕ್ಚರ್ ಅಂಗಡಿಯಲ್ಲಿ ಹವಾ ಹೊಡೆಸುವುದು ಶಿಷ್ಟಾಚಾರವಾಗಿಬಿಟ್ಟಿದೆ. ಸ್ವಲ್ಪ ಧೂಳು ಹಿಡಿದ ಕಾಗದ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಹವಾ ಹೊಡೆತಕ್ಕೆ ತೂತಾದ ಕಾಗದ ಏನನ್ನೂ ಸೋಸುವುದಿಲ್ಲ. ಫಿಲ್ಟರಿನ ಇಂಡಿಕೇಟರ್ ಕೆಂಪಾದಾಗ ಬದಲಿಸಿ, ಅಲ್ಲಿಯವರೆಗೆ ಮುಟ್ಟಬೇಡಿ. ಗೇರ್ ಆಯಿಲಿನ ಬಗ್ಗೆ ಹೇಳುವುದು ಇನ್ನೂ ಕಡಿಮೆ: ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ ‘ಒಂದು ನಂಬರ್ ಜಾಸ್ತಿ ಅಲ್ವಾ’ ಎಂದು ಜಿಎಲ್-5 ಸುರಿದರೆ ಒಳಗಿನ ಹಿತ್ತಾಳೆಯ ರಿಂಗುಗಳು ಸವೆಯಬಹುದು. ಸಂಖ್ಯೆ ದೊಡ್ಡದಾದರೆ ಪುಣ್ಯವೂ ದೊಡ್ಡದೆಂಬ ಸಿದ್ಧಾಂತ ಯಾವ ದರ್ಶನದಲ್ಲೂ ಇಲ್ಲ.

ಅರ್ಥಾಪತ್ತಿ ಬಹುಶಃ ಈ ಶಾಸ್ತ್ರಕ್ಕಾಗಿಯೇ ಹುಟ್ಟಿದ ಪ್ರಮಾಣ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂದು ಹಳೆಯ ಉದಾಹರಣೆ. ಅದನ್ನು ಹೀಗೆ ವಿಸ್ತರಿಸುವುದು: ಅಂಗಡಿಯವನು ಆಯಿಲ್ ಡಬ್ಬಿಯನ್ನು ಕಂಪನಿಯ ಡೀಲರಿಗೇ ಸಿಗದ ಬೆಲೆಗೆ ಮಾರುತ್ತಾನೆ, ಆದರೂ ವರ್ಷಕ್ಕೊಂದು ಮಹಡಿ ಕಟ್ಟಿಸುತ್ತಾನೆ, ಆದ್ದರಿಂದ ಡಬ್ಬಿ ತುಂಬುವುದು ರಾತ್ರಿ. ಇದಕ್ಕೆ ಪೋಷಕವಾದ ಸಂವಾದ ಬೆಂಗಳೂರಿನ ಜೆಸಿ ರಸ್ತೆಯಿಂದ ಹುಬ್ಬಳ್ಳಿಯ ತನಕ ಎಲ್ಲೆಲ್ಲೂ ಕೇಳಿಬರುವಂಥದ್ದು. ‘ಅಣ್ಣಾ, ಪಕ್ಕಾ ಕಂಪನಿ ಮಾಲು. ಬಿಲ್ ಬೇಕಾ, ಬೇಡ್ವಾ?’ ‘ಬೇಡ ಅಂದ್ರೆ?’ ‘ಇನ್ನೂರು ಕಮ್ಮಿ.’ ಇಲ್ಲಿ ಅನುಪಲಬ್ಧಿಯೂ ಜೊತೆಗೂಡುತ್ತದೆ: ಬ್ಯಾಚ್ ನಂಬರಿನ ಅಭಾವ, ತಯಾರಾದ ದಿನಾಂಕದ ಅಭಾವ, ಬಿಲ್ಲಿನ ಅಭಾವ. ಇಷ್ಟು ಅಭಾವಗಳು ಒಂದೇ ಡಬ್ಬಿಯಲ್ಲಿ ಭಾವರೂಪವಾಗಿ ತುಂಬಿರುತ್ತವೆ.

ಈಗ ಡಿಇಎಫ್, ಅಂದರೆ ಡೀಸೆಲ್ ಎಕ್ಸಾಸ್ಟ್ ಫ್ಲೂಯಿಡ್ ಪ್ರಕರಣ. ಗ್ರಂಥದ ಹೃದಯ ಇದು. 2020ರ ಏಪ್ರಿಲ್ 1ರಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಲಾರಿಗೆ ಎರಡನೇ ಬಾಯಿ ಮೂಡಿತು, ಹೆಚ್ಚಾಗಿ ನೀಲಿ ಮುಚ್ಚಳದ್ದು. ಅದಕ್ಕೆ ಹಾಕಬೇಕಾದದ್ದು ಶುದ್ಧೀಕರಿಸಿದ ನೀರಿನಲ್ಲಿ ಶೇಕಡಾ 32.5 ಯೂರಿಯಾ. 100 ಲೀಟರ್ ಡೀಸೆಲಿಗೆ ಸುಮಾರು 5 ಲೀಟರ್ ಹೋಗುತ್ತದೆ. ಸೈಲೆನ್ಸರಿನ ಬಿಸಿಗೆ ಯೂರಿಯಾ ಅಮೋನಿಯಾ ಆಗಿ, ಅಲ್ಲಿನ ಕೆಟಲಿಸ್ಟಿನ ನೆರವಿನಿಂದ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳನ್ನು ಹಿಡಿದು, ನೈಟ್ರೋಜನ್ ಮತ್ತು ನೀರಾಗಿ ಕಳಿಸುತ್ತದೆ. ಯೂರಿಯಾ ಎಂಬ ಪದ ಕಿವಿಗೆ ಬಿದ್ದ ಕ್ಷಣವೇ ರೈತಕುಲದಿಂದ ಬಂದ ಲಾರಿ ಮಾಲೀಕನಿಗೆ ಆತ್ಮಸಾಕ್ಷಾತ್ಕಾರವಾಯಿತು. ಮನೆಯ ಅಟ್ಟದಲ್ಲಿ 45 ಕಿಲೋ ಚೀಲವಿದೆ, ಸಬ್ಸಿಡಿಯ ದಯೆಯಿಂದ 300 ರೂಪಾಯಿಯೂ ಬಿದ್ದಿಲ್ಲ, ತೊಟ್ಟಿಯಲ್ಲಿ ನೀರಿದೆ, ಕಲಕಲು ಕೋಲಿದೆ. ಇನ್ನು ಅಂಗಡಿಯ ಕ್ಯಾನ್ ಏಕೆ?

ಈ ಸ್ವಯಂಪಾಕ ಪಂಥವನ್ನು ಖಂಡಿಸುವುದು ಸುಲಭವಲ್ಲ, ಏಕೆಂದರೆ ಅದರ ಬಳಿ ಯಂತ್ರವೂ ಇದೆ. ರಿಫ್ರಾಕ್ಟೋಮೀಟರಿನಲ್ಲಿ ಹನಿ ಬಿಟ್ಟು ನೋಡಿದರೆ 32.5 ಎಂದೇ ತೋರಿಸುತ್ತದೆ. ಆದರೆ ಆ ಯಂತ್ರ ಪರಿಮಾಣವನ್ನು ಬಲ್ಲುದು, ಪಾವಿತ್ರ್ಯವನ್ನಲ್ಲ. 2015ರಿಂದ ಹೊಲದ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಸವರುವುದು ಕಡ್ಡಾಯ. ಬೆಳೆಗೆ ಅದು ಒಳ್ಳೆಯದು, ಕೆಟಲಿಸ್ಟಿಗೆ ವಿಷ. ಗೊಬ್ಬರದ ಬೈಯುರೆಟ್ಟು, ಬೋರ್‌ವೆಲ್ ನೀರಿನ ಕ್ಯಾಲ್ಸಿಯಮ್ಮು ಸೇರಿ ನಳಿಗೆಯಲ್ಲಿ ಗಟ್ಟಿ ಕಟ್ಟಿಕೊಳ್ಳುತ್ತವೆ. ಆಮೇಲೆ ಲಾರಿ ತಾನೇ ತೀರ್ಪು ಕೊಡುತ್ತದೆ: ಮೊದಲು ಹಳದಿ ದೀಪ, ಆಮೇಲೆ ಎಂಜಿನ್ನಿನ ಎಳೆತ ಕಡಿತ. 32.5 ಎಂಬ ಅಂಕೆ ಬಂದದ್ದೇ ಆ ಮಿಶ್ರಣ ಎಲ್ಲಕ್ಕಿಂತ ಕಡಿಮೆ ಉಷ್ಣದಲ್ಲಿ, ಮೈನಸ್ 11 ಡಿಗ್ರಿಯಲ್ಲಿ, ಹೆಪ್ಪುಗಟ್ಟುತ್ತದೆ ಎಂಬ ಕಾರಣಕ್ಕೆ. ಚಿತ್ರದುರ್ಗದ ಲಾರಿಗೆ ಅದರಿಂದೇನು ಎಂದು ಕೇಳಬೇಡಿ. ಕಂಪ್ಯೂಟರ್ ಲೆಕ್ಕ ಹಾಕಿ ಸಿಂಪಡಿಸುವುದು ಆ ಅಂಕೆಯನ್ನು ನಂಬಿಕೊಂಡೇ.

ಇನ್ನು ಶ್ರುತಿ. ಲಾರಿಯ ಕೈಪಿಡಿ ಅಪೌರುಷೇಯ: ಬರೆದವರು ಯಾರೆಂದು ಗೊತ್ತಿಲ್ಲ, ಓದಿದವರೂ ಇಲ್ಲ. ಪ್ಲಾಸ್ಟಿಕ್ ಕವರಿನಿಂದ ಹೊರಬಾರದೆ ಕ್ಯಾಬಿನ್ನಿನಲ್ಲಿ ಮಲಗಿ, ಆಯುಧಪೂಜೆಯಂದು ಕುಂಕುಮ ಪಡೆಯುತ್ತದೆ. ಯಾವ ಗ್ರೇಡಿನ ಆಯಿಲ್, ಯಾವ ಫಿಲ್ಟರಿನ ಪಾರ್ಟ್ ನಂಬರ್, ಎಷ್ಟು ಕಿಲೋಮೀಟರಿಗೆ ಬದಲಿ, ಎಲ್ಲವೂ ಅದರಲ್ಲಿದೆ. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಇರುವ ಎಂಜಿನ್ನಿಗೆ ಬೂದಿ ಕಡಿಮೆಯಿರುವ ಆಯಿಲ್ ಬೇಕು. 2016ರ ಡಿಸೆಂಬರಿನಲ್ಲಿ ಬಂದ ಸಿಕೆ-4ರಲ್ಲಿ ಬೂದಿಗೆ ಶೇಕಡಾ 1ರ ಮಿತಿ. ಹಳೆಯ ಸಿಐ-4ಕ್ಕೆ ಆ ಕಟ್ಟಳೆಯಿಲ್ಲ. ಮಸಿ ಉರಿದುಹೋಗುತ್ತದೆ, ಬೂದಿ ಉರಿಯುವುದಿಲ್ಲ. ಮೇಸ್ತ್ರಿಯ ಮಾತು ಸ್ಮೃತಿ. ಶ್ರುತಿಗೂ ಸ್ಮೃತಿಗೂ ವಿರೋಧ ಬಂದಾಗ ಶ್ರುತಿಯೇ ದೊಡ್ಡದೆಂದು ಮೀಮಾಂಸಕರು ಎಂದೋ ತೀರ್ಮಾನಿಸಿದ್ದಾರೆ. ಮೇಸ್ತ್ರಿಗೆ ಬೇಸರವಾದರೆ ಟೀ ಕುಡಿಸಿ.

ಗ್ರಂಥ ಓದಿದವರಲ್ಲಿ ಒಂದೇ ವಿನಂತಿ. ಬಿಲ್ ಕೇಳಿ ಪಡೆಯಿರಿ, ಆಯಿಲ್ ಸುರಿದಾದ ಮೇಲೆ ಖಾಲಿ ಡಬ್ಬಿಗೆ ಸ್ಕ್ರೂಡ್ರೈವರಿನಿಂದ ತೂತು ಹೊಡೆದು, ಲೇಬಲ್ ಹರಿದು, ಆಮೇಲೆ ಗುಜರಿಗೆ ಹಾಕಿ. ನಕಲಿ ಆಯಿಲ್ ತುಂಬುವವನಿಗೆ ಬೇಕಾಗಿರುವುದು ನಿಮ್ಮ ಅಸಲಿ ಡಬ್ಬಿ.