ಗಡಿಗೆರೆಯವರ ವರ್ಗಾವಣೆ ಪುರಾಣ

ಚೆನ್ನೈನ ಪಳ್ಳಿಕರಣೈ ಜೌಗನ್ನು ನಕ್ಷೆಯಲ್ಲಿ ಕಾಯುತ್ತಿರುವ ಗಡಿಗೆರೆಯವರು ಬಿಡುವು ಮಾಡಿಕೊಂಡು ಮಾತಿಗೆ ಸಿಕ್ಕರು. ಸಣಕಲು ದೇಹ. ರಬ್ಬರ್ ಕಂಡರೆ ಬೆಚ್ಚುತ್ತಾರೆ.

ತಮ್ಮ ಕೆಲಸ ಏನು ಸಾರ್?

ಇತ್ತ ನೀರು, ಅತ್ತ ಸೈಟು ಅಂತ ಹೇಳೋದು. ಸರ್ಕಾರಿ ಕೆಲಸ, ವರ್ಗಾವಣೆ ಜಾಸ್ತಿ. 1960ರ ದಶಕದಲ್ಲಿ ಈ ಜೌಗು ಸುಮಾರು 5,000 ಹೆಕ್ಟೇರ್. 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು 1,247. ವಯಸ್ಸಾದವನು, ಅಷ್ಟು ದೂರ ಸುತ್ತಲಾರ ಅಂತ ಮೇಲಿನವರೇ ಕನಿಕರಪಟ್ಟು ಕಮ್ಮಿ ಮಾಡಿದರು.

ಉಳಿದ ಜಾಗ?

ಕಡತದಲ್ಲಿ ಪಾಳುಭೂಮಿ ಅಂತಿತ್ತು. ಪಾಳು ಬಿದ್ದದ್ದನ್ನು ಉದ್ಧಾರ ಮಾಡಬೇಡವೇ? ಪೆರುಂಗುಡಿಯಲ್ಲಿ ಊರ ಕಸ ಸುರಿದರು. ರೈಲು ಬಂತು, ಐಟಿ ಕಟ್ಟಡ ಬಂದವು. ಚಳಿಗಾಲದಲ್ಲಿ ಫ್ಲೆಮಿಂಗೊಗಳೂ ಬರುತ್ತವೆ. ಕಸದ ಗುಡ್ಡ ಬಿಟ್ಟು ಫೋಟೊ ತೆಗೆಯೋದೇ ಕಷ್ಟ.

ನೀರು ನಿಮ್ಮ ಮಾತು ಕೇಳುತ್ತದೆಯೇ?

(ಮುಖ ಸಿಂಡರಿಸಿ) ಅದಕ್ಕೆ ಓದುಬರಹ ಇಲ್ಲ. ದಕ್ಷಿಣ ಚೆನ್ನೈನ ಎಷ್ಟೋ ಕೆರೆಗಳು ಕೋಡಿ ಬಿದ್ದರೆ ನೀರೆಲ್ಲ ಇಲ್ಲಿಗೇ. ಇಲ್ಲಿಂದ ಒಕ್ಕಿಯಂ ಮಡುವು, ಬಕಿಂಗ್‌ಹ್ಯಾಂ ಕಾಲುವೆ, ಕೋವಳಂ ಅಳಿವೆ, ಆಮೇಲೆ ಸಮುದ್ರ. ಹರಡಿಕೊಂಡು ಕೂರೋ ಜಾಗದಲ್ಲಿ ಅಪಾರ್ಟ್‌ಮೆಂಟು, ಹೊರಹೋಗೋ ದಾರಿ ಇಕ್ಕಟ್ಟು. 2015ರ ಪ್ರವಾಹದಲ್ಲಿ, ಮತ್ತೆ 2023ರ ಮಿಚಾಂಗ್ ಚಂಡಮಾರುತದಲ್ಲಿ, ನನ್ನನ್ನು ದಾಟಿ ಬೇಸ್‌ಮೆಂಟಿಗೇ ಇಳೀತು. ಮಂಜೂರಾದ ಪ್ಲಾನ್ ತೋರಿಸಿದರೂ ನಿಲ್ಲಲಿಲ್ಲ.

ಹಾಗಾದರೆ ನಗರ ಯೋಜನೆ ಆ ಕೆರೆಗಳಿಂದಲೇ ಶುರುವಾಗಬೇಕಲ್ಲ?

ಮೆಲ್ಲಗೆ ಮಾತಾಡಿ! 2017ರ ಜೌಗು ನಿಯಮ ಹೇಳೋದೂ ಅದನ್ನೇ: ಜೌಗಿನ ಜೊತೆ, ನೀರು ಹರಿದು ಬರೋ ಕಡೆಯ ಅದರ ಪ್ರಭಾವ ವಲಯವನ್ನೂ ಗುರುತಿಸಿ ಅಂತ. ಸರ್ವೆಯವರು ಚೈನು ಹಿಡಿದು ಬರೋ ಮೊದಲೇ ಪ್ರಭಾವ ಇರೋರು ಬಂದು ಗುರುತು ಹಾಕಿಕೊಂಡು ಹೋದರು.

(ಬೆಂಗಳೂರಿನ ಓದುಗರು ಇಲ್ಲಿ ನಗಬಾರದು. ರಾಜಕಾಲುವೆಯ ಬಫರ್ ಗೆರೆ ತಮ್ಮ ದೊಡ್ಡಪ್ಪನ ಮಗ ಎಂದು ಇವರೇ ಹೇಳಿದರು.)

ಚೆನ್ನೈನ ಮೂರನೇ ಮಾಸ್ಟರ್ ಪ್ಲಾನಿನಲ್ಲಿ ತಮ್ಮ ಜಾಗ ಎಲ್ಲಿ?

ನನ್ನನ್ನು ಹಳೇ ಜಾಗಕ್ಕೆ ಹಿಂದಕ್ಕೆ ಕಳಿಸಿದರೆ ಮನೆ ಕೊಂಡವರು ಸಾಲದ ಕಂತು ಹಿಡಿದು ಜಗಳಕ್ಕೆ ಬರುತ್ತಾರೆ. ಅವರದೇನು ತಪ್ಪು, ಒಪ್ಪಿಗೆ ಕೊಟ್ಟವರು ಬೇರೆ. ಇಲ್ಲೇ ನಿಲ್ಲಿಸಿದರೆ ಮಳೆ ಬರುತ್ತೆ. ಅದಕ್ಕೇ ನನ್ನನ್ನು ಚುಕ್ಕಿಗೆರೆ ಮಾಡಿ ಅಂತ ಅರ್ಜಿ ಹಾಕಿದ್ದೀನಿ. ಜವಾಬ್ದಾರಿ ಕಮ್ಮಿ ನೋಡಿ. ಸಂದಿಯಲ್ಲಿ ನೀರೂ ನುಗ್ಗಬಹುದು, ಮಣ್ಣಿನ ಲಾರಿಯೂ ನುಗ್ಗಬಹುದು.